ಫಾಕ್‌ಲ್ಯಾಂಡ್ಸ್ ಗೇಮ್‌ನಲ್ಲಿ ಸಪ್ಲೈ ಹಡಗು ಕೊನೆಗೂ ವರ್ಕ್ ಆಯ್ತು: ನನ್ನ ಅನುಭವ

ನಾನೇ ಮಾಡ್ತಿರೋ ಯುದ್ಧದ ಬೋರ್ಡ್ ಗೇಮ್ ಇದು. ಸಪ್ಲೈ ಹಡಗು ಇಟ್ಕೊಂಡು ಯಾರ್ ಗೇಮ್ ಆಡ್ತಾರೆ, ಇದೇನ್ ಕಿರಾಣಿ ಅಂಗಡಿ ಲೆಕ್ಕನಾ ಅಂತ ನಮ್ ಗ್ರೂಪಲ್ಲಿ ನಕ್ಕಿದ್ರು. ಹೋದ್ ತಿಂಗ್ಳು ಅವ್ರೇ ರಾತ್ರಿ ಎರಡರವರೆಗೂ ಕೂತ್ ಆಡಿದ್ರು, ಅದಕ್ಕೇ ಬರೀತಿದೀನಿ.

ವಿಷ್ಯ 1982ರ ಸ್ಯಾನ್ ಕಾರ್ಲೋಸ್ ಲ್ಯಾಂಡಿಂಗ್, ಅಂದ್ರೆ ಅರ್ಜೆಂಟೀನಾ ಹಿಡ್ಕೊಂಡಿದ್ದ ಫಾಕ್‌ಲ್ಯಾಂಡ್ಸ್ ದ್ವೀಪಗಳನ್ನ ವಾಪಸ್ ತಗೊಳ್ಳೋಕೆ ಬ್ರಿಟಿಷ್ ಪಡೆ ಸ್ಯಾನ್ ಕಾರ್ಲೋಸ್ ಕೊಲ್ಲೀಲಿ ಇಳಿದಿದ್ದು. ಮೊದಲು ಎಲ್ಲರ ಥರ ಹಡಗಿಗಿಷ್ಟು ಸಪ್ಲೈ ಪಾಯಿಂಟ್ ಅಂತ ಇಟ್ಟಿದ್ದೆ, ಬ್ರಿಟಿಷ್ ಪ್ಲೇಯರ್ ಎಲ್ಲಾ ಹಡಗನ್ನೂ ಕೊಲ್ಲಿ ಒಳಗೆ ನಿಲ್ಲಿಸಿ ಆರಾಮಾಗಿ ರಾಜಧಾನಿ ಸ್ಟಾನ್ಲಿಗೆ ನಡ್ಕೊಂಡ್ ಹೋಗ್ಬಿಡೋನು. ಅರ್ಜೆಂಟೀನಾ ವಿಮಾನಗಳಿಗೆ ಬಲ ಜಾಸ್ತಿ ಮಾಡ್ದೆ, ಮೂರನೇ ಟರ್ನ್‌ಗೆ ಆಟ ಖಲಾಸ್. ಅಷ್ಟೊತ್ತಿಗೆ ಕೌಂಟರ್ (ಆಟದ ಕಾಯಿ) ಪ್ರಿಂಟು, ಫೋಮ್ ಬೋರ್ಡು ಅಂತ ಹತ್ತತ್ರ ನಾಲ್ಕು ಸಾವಿರ ಹೋಗಿತ್ತು, ಅದ್ರಲ್ಲಿ ಅರ್ಧ ಕೌಂಟರ್ ಈಗ ರದ್ದಿ.

ಕೊನೆಗೆ ಪಾಯಿಂಟೇ ತೆಗೆದ್ ಹಾಕ್ದೆ. ಪ್ರತಿ ಹಡಗಿಗೂ ಒಂದು ಕಾರ್ಡ್ ಗುಡ್ಡೆ, ಮೇಲಿರೋ ಕಾರ್ಡ್ ಮಾತ್ರ ಇಳಿಯತ್ತೆ. ಶೆಲ್ ಬೇಕು ಅಂದಾಗ ಮೇಲೆ ಟೆಂಟ್ ಕೂತಿದ್ರೆ ಮೊದ್ಲು ಟೆಂಟೇ ಇಳಿಸ್ಬೇಕು. ಅಸಲಿಗೂ ಹಾಗೇ ಆಗಿದ್ದು, ಏಪ್ರಿಲ್‌ನಲ್ಲಿ ಬ್ರಿಟಿಷರು ಅವಸರಕ್ಕೆ ಸಿಕ್ಕಿದ್ ಸಿಕ್ಕಿದ್ದನ್ನ ತುಂಬ್ಕೊಂಡು ಹೊರಟು, ದಾರಿ ಮಧ್ಯೆ ಅಸೆನ್ಶನ್ ದ್ವೀಪದಲ್ಲಿ ನಿಂತು ಹಡಗಿಂದ ಹಡಗಿಗೆ ಸಾಮಾನು ಬದಲಾಯಿಸ್ಬೇಕಾಯ್ತು. ನನ್ ಗೇಮಲ್ಲೂ ಅಲ್ಲಿ ನಿಂತ್ರೆ ಗುಡ್ಡೆ ಸರಿ ಮಾಡ್ಕೋಬಹುದು, ಆದ್ರೆ ಟರ್ನ್ ಹೋಗತ್ತೆ.

ಎರಡನೇದು ಹಗಲು-ರಾತ್ರಿ. ಸಾಮಾನೆಲ್ಲ ಹಡಗಲ್ಲೇ ಇಟ್ಕೊಂಡು ಬೇಕಾದಾಗ ದಡಕ್ಕೆ ಕಳ್ಸೋದು ಅಂತ ಬ್ರಿಟಿಷರ ಪ್ಲಾನ್, ಮೇ 21ರ ಬಾಂಬ್ ದಾಳಿ ನೋಡಿದ್ಮೇಲೆ ಹಡಗುಗಳನ್ನ ಹೊರಗೆ ಕಳಿಸಿ, ರಾತ್ರಿ ಒಳಗೆ ತಂದು ದಡದ ಏಜಾಕ್ಸ್ ಬೇನಲ್ಲಿ ಸಾಮಾನು ಗುಡ್ಡೆ ಹಾಕೋಕ್ ಶುರು ಮಾಡಿದ್ರು. ಗೇಮಲ್ಲಿ ರಾತ್ರಿ ಬಂದ್ರೆ ಸೇಫು, ಆದ್ರೆ ಇಳಿಯೋದು ಒಂದೇ ಕಾರ್ಡು. ಹಗಲು ನಿಂತ್ರೆ ಮೂರು ಇಳಿಸ್ಬಹುದು, ಜೀವ ಕೈಲಿ ಹಿಡ್ಕೊಂಡು. ಇಲ್ಲೇ ಟೇಬಲ್ ಸುತ್ತ ಕಿರುಚಾಟ ಶುರು.

ಹೆಲಿಕಾಪ್ಟರ್ ಹೊತ್ತಿದ್ದ ಸರಕು ಹಡಗು ಅಟ್ಲಾಂಟಿಕ್ ಕನ್ವೇಯರ್‌ಗೆ ಬೇರೆ ರೂಲ್. ಮೇ 25ಕ್ಕೆ ಎಕ್ಸೋಸೆಟ್ ಕ್ಷಿಪಣಿ ಬಿದ್ದು ಭಾರ ಹೊರೋ ಮೂರು ಚಿನೂಕ್ ಹೆಲಿಕಾಪ್ಟರ್ ಹೋದ್ವು, ಉಳಿದಿದ್ದು ಹಾರಾಟದಲ್ಲಿದ್ದ ಒಂದೇ, ಪಡೆಗಳು ಹೊರೆ ಹೊತ್ಕೊಂಡು ನಡೆದ್ವು. ನಮ್ಮವನೊಬ್ಬ ಯುದ್ಧನೌಕೆ ಕಡೆ ತಿರುಗೂ ನೋಡ್ದೆ ಇದೊಂದನ್ನೇ ಹುಡ್ಕಿ ಹೊಡೆದ, ಎದುರಿಗಿದ್ದವನ ಮುಖ ನೋಡ್ಬೇಕಿತ್ತು! ಆದ್ರೆ ಅಸಲಿ ಯುದ್ಧದಲ್ಲಿ ಮೊದಲ ದಿನ ಅರ್ಜೆಂಟೀನಾ ಪೈಲಟ್‌ಗಳು ಜಾಸ್ತಿ ಮುಗಿಬಿದ್ದಿದ್ದು ಎಸ್ಕಾರ್ಟ್‌ಗಳ (ಕಾವಲಿನ ಯುದ್ಧನೌಕೆಗಳ) ಮೇಲೇನೇ.

ಮಧ್ಯೆ ಇದೇ ರೂಲ್ಸನ್ನ ಕೊರಿಯಾ ಯುದ್ಧದ 1950ರ ಇಂಚಾನ್ ಲ್ಯಾಂಡಿಂಗ್‌ಗೂ ಹಾಕ್ ನೋಡ್ದೆ. ಅಲ್ಲಿ ಉಬ್ಬರ-ಇಳಿತ ಸುಮಾರು ಮೂವತ್ತಡಿ, ನೀರಿಳಿದ್ರೆ ಎಲ್‌ಎಸ್‌ಟಿ (ಟ್ಯಾಂಕು, ಸಾಮಾನು ನೇರ ದಡಕ್ಕೆ ಇಳಿಸೋ) ಹಡಗು ಕೆಸರಲ್ಲೇ ಕೂತಿರತ್ತೆ, ಮುಂದಿನ ಉಬ್ಬರದವರೆಗೂ ಅಲ್ಲಾಡಲ್ಲ. ಐಡಿಯಾ ಚೆನ್ನಾಗಿದೆ, ಆಟ ಮಾತ್ರ ಒಂದೇ ರಾತ್ರೀಲಿ ಮುಗಿದೋಗತ್ತೆ, ಬಿಟ್ಟೆ.

ವಾಪಸ್ ಫಾಕ್‌ಲ್ಯಾಂಡ್ಸ್‌ಗೆ. ತೀರಾ ಕೆಳಗಿಂದ ಹಾಕಿ ಸಿಡಿಯದೇ ಹೋದ ಬಾಂಬ್‌ಗಳು ಗೊತ್ತಲ್ಲ, ಮೇ 24ಕ್ಕೆ ಬ್ರಿಟಿಷ್ ಸಪ್ಲೈ ಹಡಗುಗಳಾದ ಸರ್ ಗ್ಯಾಲಹ್ಯಾಡ್, ಸರ್ ಲ್ಯಾನ್ಸಲಾಟ್ ಎರಡೂ ಉಳ್ಕೊಂಡಿದ್ದು ಅದ್ರಿಂದ್ಲೇ. ಅದಕ್ಕೊಂದು ಡೈಸ್ ಟೇಬಲ್ ಮಾಡಿದೀನಿ, ವಿಮಾನ ಎಷ್ಟು ಕೆಳಗೆ ಬಂತು ಅನ್ನೋದರ ಮೇಲೆ ಹೋಗತ್ತೆ. ರೂಲ್ಸ್ ಕೇಳಿದವ್ರಿಗೆಲ್ಲ ಕೊಡ್ತೀನಿ, ಆ ಟೇಬಲ್ ಮಾತ್ರ ನನ್ನತ್ರನೇ ಇರತ್ತೆ. ಬೇಕಾದ್ರೆ ಮನೆಗೆ ಬಂದು ಆಡಿ.