ಉಪ್ಪಿಟ್ಟಿಗೆ ಒಂದು ಹಿಡಿ ಮೀಲ್ ಮೇಕರ್
ಜಿಮ್‌ಗೆ ಹೋಗೋರು ಬೆಳಗಿನ ಉಪ್ಪಿಟ್ಟಿಗೆ 30 ಗ್ರಾಂ ಮೀಲ್ ಮೇಕರ್ (ಅದೇ, ಸೋಯಾ ಚಂಕ್ಸ್) ಸೇರಿಸಿ ನೋಡಿ. ಬಿಸಿನೀರಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ಒಗ್ಗರಣೆಯಲ್ಲಿ ಈರುಳ್ಳಿ ಜತೆ ಬಾಡಿಸಿದರೆ ಆಯ್ತು. ಅದರಿಂದಲೇ ಸುಮಾರು 15 ಗ್ರಾಂ ಪ್ರೋಟೀನ್; ಪಕ್ಕದಲ್ಲಿ ಒಂದು ಲೋಟ ಹಾಲಿದ್ದರೆ 20 ದಾಟುತ್ತೆ. ನಮ್ಮ ತಿಂಡಿಯೆಲ್ಲ ಹೆಚ್ಚಾಗಿ ರವೆ, ಅಕ್ಕಿ; ಪ್ರೋಟೀನ್ ಕಡಿಮೆ. ಸ್ನಾಯು ಬೆಳೆಯೋಕೆ ಪ್ರೋಟೀನ್ ಒಂದೇ ಹೊತ್ತಿಗೆ ಬೀಳೋದಕ್ಕಿಂತ ಮೂರೂ ಹೊತ್ತು ಹಂಚಿ ಬಂದರೆ ಒಳ್ಳೇದು. ರವೆ ಮಾತ್ರ ಸ್ವಲ್ಪ ಕಡಿಮೆ ಮಾಡಿ, ಇಲ್ಲಾಂದ್ರೆ ಹೊಟ್ಟೆಯೂ ಜತೆಗೇ ಬೆಳೆಯುತ್ತೆ! ಜಿಮ್‌ನಲ್ಲಿ ಎತ್ತುವ ತೂಕ ತಿಂಗಳುಗಟ್ಟಲೆ ಅಷ್ಟಕ್ಕೇ ನಿಂತಿದ್ದರೆ ಇದೊಂದರಿಂದಲೇ ಸ್ನಾಯು ಅಷ್ಟಾಗಿ ಬೆಳೆಯಲ್ಲ. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಶುರು ಮಾಡಬೇಡಿ.