ಅಡ್ವಾನ್ಸ್ ಹಣಕ್ಕೆ ಯಾವ ಊರಿನ ಕೋರ್ಟು?

ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ನಾವು ಧಾರವಾಡಕ್ಕೆ ಬಂದೆವು. ಮಾಲೀಕರು ಇರುವುದು ಮೈಸೂರಿನಲ್ಲಿ. ಎರಡು ಲಕ್ಷ ಅಡ್ವಾನ್ಸ್ ವಾಪಸ್ ಬರಲಿಲ್ಲ. ದಾವೆ ಎಲ್ಲಿ ಹೂಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ಬಾಡಿಗೆ ಕಾಯ್ದೆಯಡಿ ಹೋಗಿ ಎಂದರು ಕೆಲವರು. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ನಮ್ಮದು 22,000. ಹಾಗಾಗಿ ಇದು ಮಾಮೂಲಿ ಸಿವಿಲ್ ದಾವೆ.

ಮನೆಯ ಸ್ವಾಧೀನ ಕೇಳುವುದಾದರೆ ಮನೆ ಇರುವ ಊರಿನ ಕೋರ್ಟಿಗೇ ಹೋಗಬೇಕು. ನಾವು ಕೇಳಿದ್ದು ಬರೀ ಹಣ. ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ: ಪ್ರತಿವಾದಿ ವಾಸವಿರುವ ಊರು, ಇಲ್ಲವೇ ವ್ಯವಹಾರ ನಡೆದ ಊರು. ಅಂದರೆ ಮೈಸೂರು ಅಥವಾ ಬೆಂಗಳೂರು. ನಾವು ಈಗ ವಾಸವಿದ್ದೇವೆ ಎಂಬ ಒಂದೇ ಕಾರಣಕ್ಕೆ ಧಾರವಾಡ ನಡೆಯದು. ವಯಸ್ಸಾದ ಬಾಡಿಗೆದಾರರಿಗೆ ಇದು ನಿಜಕ್ಕೂ ಕಷ್ಟವೇ.

ಕರಾರು ಪತ್ರದ ಕೊನೆಯ ಪುಟ ದಾರಿ ತೋರಿಸಿತು. 'ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ' ಎಂದಿತ್ತು. ಅಧಿಕಾರವಿರುವ ಎರಡು ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಇಂಥ ಷರತ್ತು ಊರ್ಜಿತ. ಸಂಬಂಧವೇ ಇಲ್ಲದ ಊರಿಗೆ ಕರಾರಿನಿಂದ ಅಧಿಕಾರ ಬರುವುದಿಲ್ಲ. ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತು, ಅಂದರೆ ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥರೇ ತೀರ್ಮಾನಿಸಬೇಕು ಎಂಬ ಷರತ್ತು, ಇದೆಯೇ ಎಂದೂ ನೋಡಿದೆವು, ಇರಲಿಲ್ಲ. ಇದ್ದಿದ್ದರೆ ಎದುರಾಳಿ ಅದನ್ನೇ ಮುಂದಿಟ್ಟು ದಾವೆ ತಡೆಯಬಹುದಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್, ಕೀಲಿ ಒಪ್ಪಿಸಿದ ವಾಟ್ಸಾಪ್ ಸಂದೇಶ ಲಗತ್ತಿಸಿ ನೋಟಿಸ್ ಕೊಟ್ಟು, ಬೆಂಗಳೂರಿನಲ್ಲೇ ದಾವೆ ಹೂಡಿದೆವು. ಸಮನ್ಸ್ ತಲುಪಿದ ಮೇಲೆ ಮಾಲೀಕರು ರಾಜಿಗೆ ಬಂದರು. ಬಣ್ಣದ ಖರ್ಚು ಕಳೆದು ಉಳಿದ ಹಣ ಖಾತೆಗೆ ಬಂತು.