ಕುರ್ಚಿ, ಗೋಡೆ, 5 ನಿಮಿಷ: ಧ್ಯಾನ ಕಲಿತ ನನ್ನ ಅನುಭವ

ಕಣ್ಣು ಬಿಟ್ಟುಕೊಂಡು, ಕುರ್ಚಿ ಮೇಲೆ ಕೂತು, ಒಂದು ಸಲಕ್ಕೆ 5 ನಿಮಿಷ. ಇದನ್ನು ಧ್ಯಾನ ಅಂತ ಒಪ್ಪದವರೇ ಜಾಸ್ತಿ. ವರ್ಷಗಟ್ಟಲೆ ಅಭ್ಯಾಸ ಇರುವ ಗೆಳೆಯನೊಬ್ಬ, "ಇದು ಧ್ಯಾನ ಅಲ್ಲ ಮಾರಾಯ, ಸುಮ್ನೆ ಗೋಡೆ ನೋಡೋದು" ಅಂದ. ಜಪಾನಿನ ಬೌದ್ಧ ಧ್ಯಾನ ಪಂಥವಾದ ಸೋತೊ ಝೆನ್‌ನವರೂ ಗೋಡೆಗೆ ಮುಖ ಮಾಡಿ, ಅರೆಗಣ್ಣು ತೆರೆದೇ ಕೂರುತ್ತಾರೆ ಅಂತ ನಾನು ವಾದಕ್ಕೆ ಹೋಗಲಿಲ್ಲ. ಒಂದೂವರೆ ವರ್ಷ ಆಗುತ್ತಾ ಬಂತು, ಬಿಟ್ಟಿಲ್ಲ. ಈಗ ಅವನೇ "ಹೇಗೆ ಮಾಡ್ತೀಯ, ಹೇಳು" ಅಂತಿದ್ದಾನೆ.

ಮೊದಲು ಕೈ ಸುಟ್ಟುಕೊಂಡದ್ದು. ಎಲ್ಲರಂತೆ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಅರ್ಧ ಗಂಟೆಯಿಂದಲೇ ಶುರು ಮಾಡಿದ್ದೆ. ಹತ್ತು ನಿಮಿಷದೊಳಗೆ ಒಂದೋ ತೂಕಡಿಕೆ, ಇಲ್ಲವೇ ಕಾಲು ಜೋಮು. ಸೊಂಟ ಮೊಣಕಾಲಿಗಿಂತ ಎತ್ತರ ಇರಬೇಕು ಅಂದರು ಅಂತ ದಿಂಬು ತಂದೆ, ಅದು ಕುಸಿಯಿತು ಅಂತ ಇನ್ನೊಂದು, ಆಮೇಲೆ ಮಂಡಿಯೂರಿ ಕೂರುವ ಚಿಕ್ಕ ಬೆಂಚು. ಜೋಮು ಹೋಗಲಿಲ್ಲ.

ಆಮೇಲೆ ಆ್ಯಪ್, ಅದೂ ವರ್ಷದ ಚಂದಾ ಕಟ್ಟಿ. ದನಿ ಏನೋ ಹಿತವಾಗಿತ್ತು. ಆದರೆ ಅದು ಮಾತು ನಿಲ್ಲಿಸಿದ ಕೂಡಲೇ ನಾನು ಮಾಡುತ್ತಿದ್ದದ್ದು ಒಂದೇ, ಮತ್ತೆ ಯಾವಾಗ ಮಾತಾಡುತ್ತದೆ ಅಂತ ಕಾಯುವುದು. ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಮಿದುಳಿನ ಅಲೆ ಅಳೆಯುವ ಹಣೆಪಟ್ಟಿ. ಮನಸ್ಸು ಶಾಂತವಾದರೆ ಇಯರ್‌ಫೋನಿನಲ್ಲಿ ಹಕ್ಕಿ ಕೂಗುತ್ತದೆ. ಹಕ್ಕಿ ಕೂಗಿತು ಅಂತ ಖುಷಿಯಾದರೆ ಹಕ್ಕಿ ಗಪ್‌ಚಿಪ್! ಒಂದು ವಾರ ಉಸಿರು ನೋಡುವುದು ಬಿಟ್ಟು ಹಕ್ಕಿಯನ್ನೇ ಎಣಿಸಿದೆ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಹೋಗಿರಬೇಕು. ಪಟ್ಟಿ ಅರ್ಧ ಬೆಲೆಗೆ ಮಾರಾಟವಾಯಿತು. ಬೆಂಚನ್ನು ಯಾರೂ ಕೇಳಲಿಲ್ಲ, ಅದರ ಮೇಲೆ ಈಗ ಪ್ರಿಂಟರ್ ಕೂತಿದೆ.

ಕೊನೆಗೆ ಫಲ ಕೊಟ್ಟದ್ದು ದುಡ್ಡೇ ಬೇಡದ ದಾರಿ. ಕುರ್ಚಿಯ ಮುಂದಿನ ಅಂಚಿನಲ್ಲಿ ಕೂರುತ್ತೇನೆ, ಬೆನ್ನು ಒರಗಿಸುವುದಿಲ್ಲ, ಪಾದ ಪೂರ್ತಿ ನೆಲಕ್ಕೆ. ನೋಟ ಗೋಡೆಯ ಕೆಳಭಾಗದಲ್ಲಿ. ಟೈಮರ್ ಇಟ್ಟ ಫೋನ್ ಪಕ್ಕದ ಕೋಣೆಯಲ್ಲಿ. ಹೊರಗೆ ಹೋಗುವ ಉಸಿರನ್ನು ಮಾತ್ರ 1ರಿಂದ 10ರವರೆಗೆ ಎಣಿಸಿ ಮತ್ತೆ 1ಕ್ಕೆ ಬರುವುದು ನಿಮಗೆಲ್ಲ ಗೊತ್ತಿರುವುದೇ. ನಾನು ಬದಲಿಸಿದ್ದು ಇಷ್ಟೇ: ಅಂಕಿಯನ್ನು ಉಸಿರಿನ ಶುರುವಿನಲ್ಲಿ ಹೇಳದೆ, ಉಸಿರು ಪೂರ್ತಿ ಮುಗಿಯುವ ತುದಿಯಲ್ಲಿ ಹೇಳಿಕೊಂಡೆ. ಮೊದಲೇ ಹೇಳಿಬಿಟ್ಟರೆ ಉಳಿದ ಉಸಿರಿನುದ್ದಕ್ಕೂ ಮನಸ್ಸಿಗೆ ರಜೆ. ಎಣಿಕೆ 13, 14ಕ್ಕೆ ಹೋಗಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ, ಅಲ್ವಾ?

ದಿನಕ್ಕೆ ಮೂರು ಸಲ, ತಲಾ 5 ನಿಮಿಷ. ಮೊದಲ ಒಂದೆರಡು ವಾರ 4 ದಾಟುವುದೇ ಕಷ್ಟವಾಗಿತ್ತು. 10ರವರೆಗಿನ ಸುತ್ತು ಎರಡು ಮೂರು ಸಲ ಸತತವಾಗಿ ಬರುವ ತನಕ ಸಮಯ ಹೆಚ್ಚಿಸಲಿಲ್ಲ. 10 ನಿಮಿಷಕ್ಕೆ ಬರಲು ಒಂದೂವರೆ ತಿಂಗಳು ಬೇಕಾಯಿತು, 20ಕ್ಕೆ ನಾಲ್ಕೈದು ತಿಂಗಳು. ಈಗ ಬೆಳಗ್ಗೆ ಒಂದೇ ಪಟ್ಟಿಗೆ 20 ನಿಮಿಷ ಕೂರುತ್ತೇನೆ. ನನ್ನನ್ನು ಬಲ್ಲವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತು.

ಒಂದು ತೊಡಕು ಮಾತ್ರ ಬಹಳ ದಿನ ಕಾಡಿತು. ಉಸಿರನ್ನು ನೋಡಲು ಶುರು ಮಾಡಿದ ತಕ್ಷಣ ನಾನೇ ಅದನ್ನು ಎಳೆದು ಬಿಡಲು ಶುರು ಮಾಡುತ್ತಿದ್ದೆ. ಜೋರಾಗಿ ಎಳೆದೂ ಎಳೆದೂ ಬೆರಳ ತುದಿ ಜುಮ್ ಅನ್ನುವುದು, ಎದೆ ಬಿಗಿಯುವುದು. ವಿಪಶ್ಶನ ಧ್ಯಾನ ಕಲಿಸಿದ ಗೋಯೆಂಕಾ ಅವರ 10 ದಿನದ ಶಿಬಿರದಲ್ಲಿ ಮೊದಲು ಮೂಗಿನ ಹತ್ತಿರದ ಉಸಿರನ್ನೇ ಹಿಡಿಸುತ್ತಾರೆ, ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ ಅವರ ದಾರಿಯಲ್ಲಿ ಹೊಟ್ಟೆ ಏರಿಳಿಯುವುದನ್ನು ನೋಡಿಸುತ್ತಾರೆ. ನನಗೆ ಆಗಿಬಂದದ್ದು ಹೊಟ್ಟೆ. ಮೇಲೊಂದು ಅಂಗೈ ಇಟ್ಟೆ, ನಾಲ್ಕೈದು ದಿನದಲ್ಲಿ ಎಳೆದಾಟ ತಾನಾಗಿ ನಿಂತಿತು.

ನಡುವೆ ಬೇರೆ ಆಟಗಳೂ ನಡೆದವು. ನಿಮಿಷಕ್ಕೆ ಸುಮಾರು 6 ಉಸಿರಿನ ಲೆಕ್ಕದಲ್ಲಿ ನಿಧಾನ ಮಾಡಿ, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಒಳಗೆಳೆಯುವಾಗ ನಾಡಿ ಚುರುಕು, ಬಿಡುವಾಗ ನಿಧಾನ, ಬೆರಳಿಗೇ ತಿಳಿಯುತ್ತದೆ. ಆದರೆ ನನಗೆ ಅದರಿಂದ ನಿದ್ದೆ ಬರುತ್ತದೆ, ಹಾಗಾಗಿ ಅದು ರಾತ್ರಿ ಹಾಸಿಗೆಗೆ ಮಾತ್ರ. ಹದಿನೈದು ಹೆಜ್ಜೆ ಹೋಗಿ ತಿರುಗಿ ಬರುವ ನಡಿಗೆಯನ್ನೂ ಮಾಡಿದೆ. ನಡೆಯುವಾಗ ಮನಸ್ಸು ಅಲ್ಲೇ ಇರುತ್ತದೆ, ತಪ್ಪಿಸಿಕೊಳ್ಳುವುದು ಸರಿಯಾಗಿ ತಿರುಗುವ ಜಾಗದಲ್ಲೇ. ಅಲ್ಲಿ ಎರಡು ಉಸಿರು ನಿಂತು ತಿರುಗಿದರೆ ವಾಸಿ.

ಒಂದೇ ಜಗಳ, ಒಂದೇ ಮಾತು ಮತ್ತೆ ಮತ್ತೆ ತಲೆಗೆ ಬರುತ್ತದಲ್ಲ, ಅದಕ್ಕೊಂದು ಉಪಾಯ ಇಟ್ಟುಕೊಂಡಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಬರೆದರೆ ಎಣಿಕೆ ಬಿಟ್ಟು ಮೊದಲ ದಿನವೇ ಅದಕ್ಕೆ ಕೈ ಹಾಕುತ್ತೀರಿ. 10ರ ಸುತ್ತು ಕೂತ ಮೇಲೆ ಕೇಳಿ, ಹೇಳುತ್ತೇನೆ.

ಬೆಳಕು ಗಿಳಕು ಏನೂ ಕಂಡಿಲ್ಲ. ಸಿಟ್ಟು ಬಾಯಿಗೆ ಬರುವ ಮೊದಲು ದವಡೆ ಬಿಗಿಯುವುದು ಗೊತ್ತಾಗುತ್ತದೆ, ಅಷ್ಟು ಸಾಕು ನನಗೆ. ಇತ್ತೀಚೆಗೆ ನಿಂತುಕೊಂಡು ಮಾಡಿ ನೋಡುತ್ತಿದ್ದೇನೆ. ಮಂಡಿ ಸೆಟೆಸಿ ನಿಂತರೆ ತಲೆ ಸುತ್ತುತ್ತದೆ, ಸ್ವಲ್ಪ ಸಡಿಲ ಬಿಡಬೇಕು. 8 ನಿಮಿಷದ ಆಚೆ ಇನ್ನೂ ಹೋಗಿಲ್ಲ.